ಭೈರವಿ ಎಲ್ಲಿಟ್ಟಿ, ತಂಗಿ?

ಹಾಡು ಮುಗಿಯಿತು ಎಂದು ನಾವು ಅಂದುಕೊಂಡ ಮೇಲೆ ಅವರು ಬಲಗೈಯ ತೋರುಬೆರಳು ಎತ್ತುತ್ತಿದ್ದರು. ಆ ಬೆರಳು ಮೇಲಿರುವ ತನಕ ಅವರ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಯಾರೂ ಅಲುಗುವ ಹಾಗಿಲ್ಲ. ತಬಲಾದವರು ಬೆವರು ಒರೆಸಿಕೊಳ್ಳುವ ಹಾಗಿಲ್ಲ, ಹಾಡಿದವರು ಗಂಟಲು ಸರಿಮಾಡಿಕೊಳ್ಳುವ ಹಾಗಿಲ್ಲ, ನಾನು ಕುರ್ಚಿಯಲ್ಲಿ ಸರಿದು ಕೂರುವ ಹಾಗಿಲ್ಲ. ತಂಬೂರಿಯ ಕೊನೆಯ ಎಳೆಯೂ ಕರಗಿ, ಇನ್ನೇನೂ ಉಳಿದಿಲ್ಲ ಎಂದು ನಮಗೆಲ್ಲ ಖಾತ್ರಿಯಾದ ಮೇಲೂ ಬೆರಳು ಇಳಿಯುತ್ತಿರಲಿಲ್ಲ. ಅವರಿಗೆ ಇನ್ನೂ ಏನೋ ಕೇಳಿಸುತ್ತಿರುತ್ತಿತ್ತು.

ಅವರು ತೀರಿಹೋಗಿ ಹತ್ತಿರ ಹತ್ತಿರ ಒಂದು ವರ್ಷವಾಯಿತು. ಈಗಲೂ ನಾನು ಒಂದು ಹಾಡನ್ನು ಎಕ್ಸ್‌ಪೋರ್ಟ್ ಮಾಡುವಾಗ, ಎಂದರೆ ಎಲ್ಲ ಕೆಲಸ ಮುಗಿದ ಹಾಡನ್ನು ಕಂಪ್ಯೂಟರಿನಿಂದ ಒಂದೇ ಫೈಲಾಗಿ ಹೊರಗೆ ತೆಗೆಯುವಾಗ, ಬೆನ್ನ ಹಿಂದೆ ಆ ಬೆರಳು ಎದ್ದಿರುತ್ತದೆ. ತಿರುಗಿ ನೋಡುವುದಿಲ್ಲ. ನೋಡಿದರೆ ಅಲ್ಲಿ ಇರುವುದಿಲ್ಲ ಎಂದು ಗೊತ್ತು, ಅದಕ್ಕೇ ನೋಡುವುದಿಲ್ಲ.

ಕಳೆದ ವಾರ ಅವರ ಮಗಳು ಸ್ಟುಡಿಯೋಕ್ಕೆ ಬಂದು, ಅವರು ಮನೆಯಲ್ಲಿ ಇಟ್ಟುಕೊಂಡಿದ್ದ ಒಂದು ಹಳೆಯ ಹಾರ್ಡ್‌ಡಿಸ್ಕನ್ನು ನನ್ನ ಮೇಜಿನ ಮೇಲೆ ಇಟ್ಟಳು. ಕೈವಸ್ತ್ರದಲ್ಲಿ ಸುತ್ತಿಕೊಂಡು ತಂದಿದ್ದಳು.

"ಅಕ್ಕಾರ, ಅಪ್ಪನ ವರ್ಷದ ದಿನ ಅವ್ವನ ಹಾಡು ಹಚ್ಚೂಣು ಅಂತ ಮಾಡೇನ್ರಿ. ನನ್ನ ಮೊಬೈಲಿನಾಗ ಇರೂದು ಕೊನೀಗೆ ಕಡದಂಗ ಐತಿ. ಇದರಾಗ ಪೂರ್ತಿ ಇರಬೇಕು, ಹುಡುಕಿ ಕೊಡ್ರಿ."

ಕೊನೆಗೆ ಕಡಿದ ಹಾಗಿದೆ. ಅವಳು ಸಹಜವಾಗಿ ಹೇಳಿದಳು. ಕಡಿದವಳು ನಾನು. ಇದು ಅವಳಿಗೆ ಗೊತ್ತಿಲ್ಲ. ಅವಳ ಅಪ್ಪನಿಗೂ ನಾನು ಹೇಳಿರಲಿಲ್ಲ. ಹೇಳಬಹುದಾಗಿದ್ದ ಒಂದೇ ಒಂದು ಗಳಿಗೆಯಲ್ಲಿ ಹೆದರಿ ಸುಮ್ಮನಾದೆ, ಆಮೇಲೆ ಆರು ವರ್ಷ ಅವರ ಪಕ್ಕದಲ್ಲೇ ಕುಳಿತು ಚಹಾ ಕುಡಿದೆ. ಈಗ ಮಗಳಿಗಾದರೂ ಹೇಳಬೇಕೋ, ಅಥವಾ "ಡಿಸ್ಕಿನಲ್ಲಿ ಏನೂ ಸಿಗಲಿಲ್ಲ" ಎಂದು ಕೈತೊಳೆದುಕೊಳ್ಳಬೇಕೋ ಎಂದು ಆ ಕೈವಸ್ತ್ರ ನೋಡುತ್ತ ಕುಳಿತೆ.

ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಊರು ಅಮ್ಮಿನಬಾವಿ, ಒಕ್ಕಲುತನದ ಮನೆ. ಹೊಲಕ್ಕೆ ಹೋಗೆಂದರೆ ಬದುವಿನ ಮೇಲೆ ಟ್ರಾನ್ಸಿಸ್ಟರ್ ಬಿಚ್ಚಿಕೊಂಡು ಕೂರುತ್ತಿದ್ದ ಮಗನಿಗೆ ಬೈದು ಬೈದು ಸಾಕಾಗಿ ಅವರಪ್ಪ ಹುಬ್ಬಳ್ಳಿಯ ಒಂದು ರೇಡಿಯೋ ರಿಪೇರಿ ಅಂಗಡಿಗೆ ತಂದು ಬಿಟ್ಟರಂತೆ. ಅಲ್ಲಿಂದ ಮದುವೆ ಮನೆಗಳ ಮೈಕು, ಮೈಕಿನಿಂದ ಕ್ಯಾಸೆಟ್ಟು, ಕ್ಯಾಸೆಟ್ಟಿನಿಂದ ಕಂಪ್ಯೂಟರು. ನಾನು ಸೇರುವ ಹೊತ್ತಿಗೆ ವಿದ್ಯಾನಗರದಲ್ಲಿ ಒಂದು ಝೆರಾಕ್ಸ್ ಅಂಗಡಿಯ ಮೇಲೆ ಎರಡು ಕೋಣೆಯ ಸ್ಟುಡಿಯೋ ಇತ್ತು. ಒಳಕೋಣೆಯ ಗೋಡೆಗೆಲ್ಲ ಕೌದಿ ತೂಗುಹಾಕಿದ್ದರು. ಸದ್ದು ಗೋಡೆಗೆ ಬಡಿದು ಮರಳಿ ಬರಬಾರದೆಂದು ದೊಡ್ಡ ಸ್ಟುಡಿಯೋದವರು ಏನೇನೋ ತರಿಸಿ ಹಚ್ಚುತ್ತಾರೆ. ನಮ್ಮಲ್ಲಿ ಕಾಕಾನ ಹೆಂಡತಿ ಹಳೆಯ ಸೀರೆ, ಪಟಗ, ಮಗಳ ಪರಕರ ಎಲ್ಲ ಸೇರಿಸಿ ಹೊಲಿದ ಕೌದಿಗಳು ಆ ಕೆಲಸ ಮಾಡುತ್ತಿದ್ದವು. ಹಾಡಲು ಬಂದವರು ಮೊದಲು ಕೌದಿ ನೋಡಿ ನಗುತ್ತಿದ್ದರು, ಆಮೇಲೆ ತಮ್ಮ ದನಿ ಕೇಳಿ ಸುಮ್ಮನಾಗುತ್ತಿದ್ದರು.

ನಾನು ಧಾರವಾಡದವಳು. ನಮ್ಮ ಮನೆಯಲ್ಲಿ ಹಾಡಲಾರದವರೆಂದರೆ ನಾನು ಮತ್ತು ಬೆಕ್ಕು, ಬೆಕ್ಕಾದರೂ ಆಗಾಗ ಪ್ರಯತ್ನ ಮಾಡುತ್ತಿತ್ತು. ಹಾಡು ಬರದಿದ್ದರೇನು, ಕಿವಿ ಇತ್ತು, ಕಂಪ್ಯೂಟರಿನ ಮೇಲೆ ಕೈ ಬಲು ಚುರುಕಾಗಿತ್ತು. ಆ ಚುರುಕಿನ ಬಗ್ಗೆ ನನಗೆ ಸೊಕ್ಕೂ ಇತ್ತು. ದಿನಾ ಬಸ್ಸು ಹಿಡಿದು ಹುಬ್ಬಳ್ಳಿಗೆ ಬರುತ್ತಿದ್ದೆ, ಕಾಕಾ ಒಂದು ಗಂಟೆ ತೆಗೆದುಕೊಳ್ಳುವುದನ್ನು ಹತ್ತು ನಿಮಿಷದಲ್ಲಿ ಮುಗಿಸಿ ಅವರ ಮುಖ ನೋಡುತ್ತಿದ್ದೆ. ಅವರು ಮೆಚ್ಚಿದ್ದು ಕಡಿಮೆ.

"ಭೈರವಿ ಎಲ್ಲಿಟ್ಟಿ, ತಂಗಿ?" ಎಂದು ಅಷ್ಟೇ ಕೇಳುತ್ತಿದ್ದರು.

ನಮ್ಮ ಕಡೆ ಸಂಗೀತದ ಬೈಠಕ್ ಮುಗಿಯುವುದು ಭೈರವಿ ರಾಗದಿಂದ. ಭೈರವಿ ಸುರುವಾಯಿತೆಂದರೆ ಹಿಂದೆ ಕುಳಿತವರು ಚಪ್ಪಲಿ ಎಲ್ಲಿ ಬಿಟ್ಟಿದ್ದೆವೆಂದು ನೆನಪು ಮಾಡಿಕೊಳ್ಳುತ್ತಾರೆ. ಕಂಪ್ಯೂಟರಿನ ಪರದೆಯ ಮೇಲೆ, ಹಾಡಿನ ಫೈಲು ಎಲ್ಲಿಗೆ ಮುಗಿಯಬೇಕೋ ಅಲ್ಲಿ ಒಂದು ಗುರುತು ಇಡಬೇಕಾಗುತ್ತದೆ. ಆ ಗುರುತಿಗೆ ಅವರು ಭೈರವಿ ಎಂದು ಹೆಸರಿಟ್ಟಿದ್ದರು. ಅದನ್ನು ಇಡದೆ ಎಕ್ಸ್‌ಪೋರ್ಟ್ ಮಾಡಿದರೆ ಏನಾಗುತ್ತದೆಂದು ನಾನು ಸೇರಿದ ಮೊದಲ ತಿಂಗಳಲ್ಲೇ ಕಲಿತೆ. ಒಂದು ಸಾಲಿಯ ಗ್ಯಾದರಿಂಗಿಗೆ, ಎಂದರೆ ವಾರ್ಷಿಕೋತ್ಸವಕ್ಕೆ, ಮಕ್ಕಳ ಕುಣಿತದ ಹಾಡು ಮಾಡಿಕೊಟ್ಟಿದ್ದೆ. ಮೂರು ನಿಮಿಷದ ಹಾಡು. ಎಲ್ಲೋ ಮುಂದೆ, ಅರ್ಧ ಗಂಟೆಯಾಚೆ, ಯಾವುದೋ ರೆಕಾರ್ಡಿಂಗಿನ ಒಂದು ಚೂರು ಬಿದ್ದಿತ್ತು, ಅಕ್ಕಿಯ ನುಚ್ಚಿನಷ್ಟು. ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಕಂಪ್ಯೂಟರು ಪ್ರಾಮಾಣಿಕವಾಗಿ ಆ ಚೂರಿನ ತನಕ ಫೈಲು ಮಾಡಿತು. ಗ್ಯಾದರಿಂಗಿನಲ್ಲಿ ಕುಣಿತ ಮುಗಿದು ಹನ್ನೆರಡು ಮಕ್ಕಳು ಕೈ ಮೇಲೆತ್ತಿ ನಿಂತರು. ಮುಂದಿನ ಹಾಡು ಬರಲೇ ಇಲ್ಲ. ಹಾಡು ನಡೆದೇ ಇದೆಯೆಂದು ಯಂತ್ರ ತಿಳಿದಿತ್ತು. ಮಕ್ಕಳು ಕೈ ನೋಯುವ ತನಕ ಹಾಗೇ ನಿಂತಿದ್ದರಂತೆ. ಮರುದಿನ ಮಾಸ್ತರರು ಫೋನು ಮಾಡಿ, "ಹಾಡು ಛಲೋ ಐತ್ರಿ, ಆದ್ರ ಮುಗಿಯೂದಾ ಇಲ್ಲ" ಎಂದರು.

ನಾನು ಅವಮಾನದಿಂದ ಕೆಂಪಗಾಗಿದ್ದರೆ ಕಾಕಾ ನಕ್ಕು ನಕ್ಕು ಕೆಮ್ಮಿದರು. ಆಮೇಲೆ ಆ ಚೂರನ್ನು ಹುಡುಕಿ ನನಗೆ ಹೆಡ್‌ಫೋನು ಕೊಟ್ಟರು. "ಅಳಸೂಕಿಂತ ಮೊದಲ ಏನೈತಿ ಕೇಳು. ಯಾರೋ ಕುಂತ ರೆಕಾರ್ಡ್ ಮಾಡಿದ್ದು ಅದು." ಕೇಳಿದೆ. ಯಾರದೋ ಕೆಮ್ಮು. ಅಳಿಸಿದೆ.

ಹಾಗೆಂದು ಅವರೇನು ಸಂತರಲ್ಲ. ಹಟಮಾರಿ. ಗಿರಾಕಿ ಅವಸರ ಮಾಡಿದಷ್ಟೂ ನಿಧಾನ ಮಾಡುತ್ತಿದ್ದರು. "ಕೊನೀಗೆ ಇಷ್ಟ್ಯಾಕ ಖಾಲಿ ಬಿಟ್ಟೀರಿ?" ಎಂದು ಯಾರಾದರೂ ಕೇಳಿದರೆ, "ಖಾಲಿ ಅಲ್ರಿ ಅದು. ಹಾಡಿದವರು ಮುಗಿಸ್ಯಾರ, ಹಾಡು ಇನ್ನೂ ಮುಗದಿಲ್ಲ" ಎನ್ನುತ್ತಿದ್ದರು. ಖಾಲಿ ಕೋಣೆಗೂ ತನ್ನದೇ ಸಪ್ಪಳ ಇರುತ್ತದೆಂದು ಅವರ ನಂಬಿಕೆ. ಯಾರೂ ಇಲ್ಲದಾಗ ಒಳಕೋಣೆಯಲ್ಲಿ ಮೈಕು ಹಚ್ಚಿ ಎರಡು ನಿಮಿಷ ಬರೀ ಕೋಣೆಯನ್ನು ರೆಕಾರ್ಡ್ ಮಾಡಿ ಇಟ್ಟುಕೊಳ್ಳುತ್ತಿದ್ದರು. ಫೋನಿನಲ್ಲಿ ಮಾತು ಮುಗಿದು ಆಚೆಯವರು ಇಟ್ಟ ಮೇಲೂ ಅವರ ಕಿವಿಯಿಂದ ಫೋನು ಇಳಿಯುತ್ತಿರಲಿಲ್ಲ. ಅಷ್ಟೆಲ್ಲ ಕೊನೆಯ ತನಕ ಕಾಯುವ ಮನುಷ್ಯ ಚಹಾ ಮಾತ್ರ ಒಂದು ದಿನವೂ ಪೂರ್ತಿ ಕುಡಿಯಲಿಲ್ಲ, ಕಪ್ಪಿನ ತಳದಲ್ಲಿ ಒಂದು ಗುಟುಕು ಬಿಟ್ಟು ಎದ್ದುಬಿಡುತ್ತಿದ್ದರು. ಆ ಬೆರಳಿನ ಮೇಲೆ, ಖರೇ ಹೇಳಬೇಕೆಂದರೆ, ನನಗೆ ಸಿಟ್ಟೇ ಇತ್ತು. ಬಸ್ಸು ತಪ್ಪುತ್ತಿತ್ತು.

ಅವರ ಹೆಂಡತಿಯನ್ನು ನಾನು ಕಾಕು ಎನ್ನುತ್ತಿದ್ದೆ. ಕಾಕು ಆ ಮೈಕಿನ ಮುಂದೆ ಕುಳಿತದ್ದು ಒಂದೇ ಸಲ. ಅವರಿಗೆ ತಾಯಿಯಿಂದ ಬಂದ ಬೀಸುವ ಪದಗಳಿದ್ದವು, ಮಗಳು ಹಟ ಹಿಡಿದಿದ್ದಳು. ಮನೆಯಲ್ಲಿ ಬೀಸುಕಲ್ಲು ತಿರುಗಿ ಎಷ್ಟೋ ವರ್ಷವಾಗಿತ್ತು, ಆದರೆ ಕೈ ತಿರುಗದೆ ಕಾಕುಗೆ ಪದ ಬಾಯಿಗೆ ಬರುತ್ತಿರಲಿಲ್ಲ. ಕಾಕಾ ಒಂದು ಸ್ಟೂಲಿನ ಮೇಲೆ ಕೌದಿ ಮಡಚಿ ಹಾಸಿದರು. ಕಾಕು ಅದರ ಮೇಲೆ ಮುಷ್ಟಿ ಊರಿ ಬೀಸಿದ ಹಾಗೆ ತಿರುಗಿಸುತ್ತ ಹಾಡಿದರು. ಬಳೆಗಳು ಸದ್ದು ಮಾಡುತ್ತಿದ್ದವು. "ಕಾಕು, ಬಳಿ ಒಂದೀಟ ತಗೀತೀರೇನ್ರಿ?" ಎಂದುಬಿಟ್ಟೆ ನಾನು. ಮುತ್ತೈದೆಗೆ ಹೇಳುವ ಮಾತೇ ಅದು? ಕಾಕಾ ನನ್ನ ಕಡೆ ಹೊರಳಿ, "ಇರಲಿ ಬಿಡು. ಬೀಸುವಾಗ ಬಳಿ ಸಪ್ಪಳ ಮಾಡಲಾರದಂಗ ಇರ್ತಾವೇನು?" ಎಂದರು.

ಹಾಡು ಮುಗಿಯಿತು. ಎರಡು ಕೋಣೆಗಳ ನಡುವಿನ ಗಾಜಿನ ಈಚೆ ಬೆರಳು ಎದ್ದಿತು. ಕಾಕು ಗಂಡನ ಬೆರಳನ್ನೇ ನೋಡುತ್ತ ಕುಳಿತರು. ಬಳೆಗಳು ಒಂದರ ಮೇಲೊಂದು ಜಾರಿ ತೆಪ್ಪಗಾದವು. ಆಮೇಲೆ ಅವರು, ತಾಟಿಗೆ ಬಡಿಸುತ್ತ ಕೇಳುವ ದನಿಯಲ್ಲೇ, ಮೆಲ್ಲಗೆ ಕೇಳಿದರು:

"ಸಾಕೇನ್ರಿ?"

ಕಾಕಾ ಗುಂಡಿ ಒತ್ತಿ, "ಸಾಕು, ಬಾ ಹೊರಗ" ಎಂದರು. ಆ ಗುಂಡಿಯಿಂದ ಹೋಗುವ ಮಾತು ಒಳಗಿನವರ ಹೆಡ್‌ಫೋನಿಗಷ್ಟೇ ಕೇಳಿಸುತ್ತದೆ, ರೆಕಾರ್ಡ್ ಆಗುವುದಿಲ್ಲ. ಹೊರಗೆ ಮೆಟ್ಟಿಲ ಮೇಲೆ ಸೀರೆ ಅಂಗಡಿಯ ಜಾಹೀರಾತಿನವರು ಬಂದು ಕುಳಿತಿದ್ದರು. ಹಾಗಾಗಿ ಆವತ್ತು ಕಾಕಾ ಕೂಡ ಅವಸರದಲ್ಲಿದ್ದರು, ಅಪರೂಪಕ್ಕೆ.

ಕಾಕು ಹೊರಗೆ ಬಂದು ಚಹಾ ಕುಡಿಯುತ್ತ ನನಗೆ ಹೇಳಿದರು, "ಇನ್ನೊಂದು ಪದಾ ನೆನಪ ಮಾಡ್ಕೊಂಡ ಬಂದಿದ್ದೆ. ಇರವಲ್ದ್ಯಾಕ, ಮತ್ತೊಮ್ಮಿ ಬಂದ್ರಾತು."

ಎರಡು ದಿನ ಕಾಕಾ ಆ ಒಂದು ಹಾಡಿನ ಮುಂದೆ ಕುಳಿತಿದ್ದರು. ಮೂರನೆಯ ದಿನ ಊರಿಗೆ ಹೊರಟು, "ಕಾಕೂಂದು ಎಕ್ಸ್‌ಪೋರ್ಟ್ ಮಾಡಿ ಮಗಳ ಮೊಬೈಲಿಗೆ ಕಳಿಸು. ಭೈರವಿ ಇಟ್ಟೇನಿ" ಎಂದು ಹೇಳಿ ಹೋದರು.

ನೋಡಿದೆ. ಹಾಡು ನಾಲ್ಕು ನಿಮಿಷ ಹನ್ನೆರಡು ಸೆಕೆಂಡಿಗೆ ಮುಗಿಯುತ್ತದೆ. ಭೈರವಿ ಎಷ್ಟೋ ಆಚೆ ಕುಳಿತಿದೆ. ಹಚ್ಚಿ ಕೇಳಿದರೆ ಬಳೆ, ಮೌನ, ಆಮೇಲೆ "ಸಾಕೇನ್ರಿ?" ಕಾಕಾನಿಗೆ ಆಗೀಗ ಕಣ್ಣು ಮಂಜಾಗುತ್ತಿತ್ತು. ಮುದುಕರು ಗುರುತು ತಪ್ಪಿಟ್ಟಿದ್ದಾರೆ, ನಾನು ತಿದ್ದದಿದ್ದರೆ ಇನ್ಯಾರು ತಿದ್ದಬೇಕು ಎಂದುಕೊಂಡೆ. ಭೈರವಿಯನ್ನು ನಾಲ್ಕು ಹದಿಮೂರಕ್ಕೆ ಎಳೆದು ತಂದೆ. ಉಳಿದದ್ದನ್ನು ಕತ್ತರಿಸಿದೆ. ಎಕ್ಸ್‌ಪೋರ್ಟ್ ಮಾಡಿ ಕಳಿಸಿದೆ. ಆವತ್ತು ಶನಿವಾರ, ಶನಿವಾರ ಡಿಸ್ಕಿನ ಕಸ ತೆಗೆಯುವುದು ನನ್ನ ಕೆಲಸ. ಬಳಸದ ತುಣುಕುಗಳನ್ನು ಶಾಶ್ವತವಾಗಿ ಅಳಿಸಲೇ ಎಂದು ಕಂಪ್ಯೂಟರು ಕೇಳಿತು. ಅದಾದರೂ ಕೇಳಿತು. ನಾನು ಹೂಂ ಒತ್ತಿದೆ, ಬಸ್ಸು ಸಿಕ್ಕಿತು.

ನಾಲ್ಕು ತಿಂಗಳಿಗೆ ಕಾಕು ಹೋದರು. ಎದೆ ನೋಯುತ್ತದೆ ಎಂದವರು ಸಂಜೆಯ ತನಕ ಉಳಿಯಲಿಲ್ಲ.

ದಿನಗಳೆಲ್ಲ ಮುಗಿದ ಮೇಲೆ ಕಾಕಾ ಸ್ಟುಡಿಯೋಕ್ಕೆ ಬಂದರು. ಬ್ಯಾಗು ಕೆಳಗಿಡದೆ ನೇರ ಕಂಪ್ಯೂಟರಿನ ಮುಂದೆ ಕುಳಿತು ಆ ಹಾಡು ತೆಗೆದರು. ಕೊನೆಯ ಸಾಲಿಗೆ ಬಂದಾಗ ಅವರ ಬೆರಳು ತಾನಾಗಿ ಎದ್ದಿತು. ನಾಲ್ಕು ಹದಿಮೂರಕ್ಕೆ ಹಾಡು ಕಡಿಯಿತು. ಬೆರಳು ಹಾಗೇ ಗಾಳಿಯಲ್ಲಿ ನಿಂತಿತ್ತು. ಇನ್ನೊಮ್ಮೆ ಹಚ್ಚಿದರು. ಮತ್ತೆ ಕಡಿಯಿತು. ಪರದೆಯ ಮೇಲೆ ಭೈರವಿ ಎಲ್ಲಿದೆಯೆಂದು ಕಣ್ಣು ಕಿರಿದು ಮಾಡಿ ನೋಡಿದರು. ಆ ಕಂಪ್ಯೂಟರನ್ನು ಮುಟ್ಟುವವರು ಇಬ್ಬರೇ, ಅವರು ಮತ್ತು ನಾನು. ಫೋಲ್ಡರು ಬಿಚ್ಚಿದರು, ಇನ್ನೊಂದು ಬಿಚ್ಚಿದರು, ನಕಲು ಇಡುವ ಡಿಸ್ಕು ತಂದು ಹಚ್ಚಿದರು. ನಾನು ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದೆ.

ಕೊನೆಗೆ ಅವರು ಡಿಸ್ಕು ಕಳಚಿಟ್ಟು, ನನ್ನ ಕಡೆ ನೋಡದೆ ಹೇಳಿದರು, "ಡಿಸ್ಕು ಹಳೇದಾತು, ತಂಗಿ. ತಿಂದಿರಬೇಕು."

"ಹೌದ್ರಿ ಕಾಕಾ," ಎಂದೆ ನಾನು. "ಭಾಳ ಹಳೇದಾಗೇದ."

ಅಷ್ಟೇ ನಡೆದದ್ದು. ನನಗೆ ತಪ್ಪಿಸಿಕೊಳ್ಳಲು ಒಂದು ಬಾಗಿಲು ತೆರೆದಿಟ್ಟು ಅವರು ಬೇರೆ ಕಡೆ ನೋಡುತ್ತ ಕುಳಿತರು, ನಾನು ಅದರಲ್ಲಿ ನುಸುಳಿ ಹೋದೆ. ಒಂದೂ ಬಿರುಸು ಮಾತು ಆಡಲಿಲ್ಲ. ಮರುದಿನ ಎಂದಿನಂತೆ ಡಬ್ಬಿ ಬಿಚ್ಚಿ ಅರ್ಧ ರೊಟ್ಟಿ ನನಗೆ ಕೊಟ್ಟರು. ಆದರೆ ಅವತ್ತಿನಿಂದ "ಭೈರವಿ ಎಲ್ಲಿಟ್ಟಿ, ತಂಗಿ?" ಎಂದು ಕೇಳುವುದನ್ನು ಬಿಟ್ಟರು. ಆರು ವರ್ಷದಲ್ಲಿ ಒಂದು ಸಲವೂ ಕೇಳಲಿಲ್ಲ. ನಾನು ಎಕ್ಸ್‌ಪೋರ್ಟ್ ಮಾಡಿ ಅವರ ಬಾಯಿ ನೋಡುತ್ತಿದ್ದೆ. ಅವರು ತಲೆಯಾಡಿಸಿ ಎದ್ದು ಹೋಗುತ್ತಿದ್ದರು.

ಆಗ ಸುರುವಾದದ್ದು ನನಗೆ ಈ ಕಾಟ. "ಸಾಕೇನ್ರಿ?" ಎಂಬ ಮಾತು ಎಲ್ಲಿಲ್ಲ ಹೇಳಿ. ಖಾನಾವಳಿಯಲ್ಲಿ ಪಲ್ಯ ಹಾಕುತ್ತ ಕೇಳುತ್ತಾರೆ, ಕಾಯಿಪಲ್ಲೆಯವಳು ತಕ್ಕಡಿ ಹಿಡಿದು ಕೇಳುತ್ತಾಳೆ, ಮದುವೆಯ ಪಂಕ್ತಿಯಲ್ಲಿ ಸಾಲಾಗಿ ಕೇಳುತ್ತ ಬರುತ್ತಾರೆ. ಪ್ರತಿ ಸಲ ನನ್ನ ಕೈ ಅಲ್ಲೇ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ನಾನು ಯಾರಿಗೂ ಆ ಮಾತು ಕೇಳುವುದಿಲ್ಲ, ಸುಮ್ಮನೆ ಬಡಿಸುತ್ತೇನೆ. ಹೆಚ್ಚಾದರೆ ಬಿಡಲಿ.

ಮಗಳು ತಂದಿಟ್ಟ ಡಿಸ್ಕನ್ನು ಎರಡು ದಿನ ಮುಟ್ಟಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಹಚ್ಚಿದೆ. ಕಾಕುವಿನ ಹಾಡು ಅದರಲ್ಲಿತ್ತು, ಹೊಸ ಹೆಸರಿನಿಂದ. ತೆಗೆದು ನೋಡಿದರೆ ನಾಲ್ಕು ಹದಿಮೂರಕ್ಕೆ ಕಾಕುವಿನ ದನಿ ಕಡಿದೇ ಇದೆ, ಅದಕ್ಕೆ ಹೊಂದಿಸಿ ಕಾಕಾ ಪರದೆಯ ಕೆಳಗಿನ ಸಾಲಿನಲ್ಲಿ ಖಾಲಿ ಕೋಣೆಯ ಸಪ್ಪಳ ಜೋಡಿಸಿದ್ದಾರೆ. ನಮ್ಮ ಕೌದಿಗಳ ಕೋಣೆ. ಕಡಿದ ಜಾಗ ಎಲ್ಲಿ ಎಂದು ನನ್ನ ಕಿವಿಗೂ ಗೊತ್ತಾಗದಷ್ಟು ನಾಜೂಕಾಗಿ ಬೆಸೆದಿದ್ದರು. ಭೈರವಿ ಇದ್ದದ್ದು ನಾಲ್ಕು ನಿಮಿಷ ಮೂವತ್ತೊಂದು ಸೆಕೆಂಡಿಗೆ. ಅದಕ್ಕೂ ಸ್ವಲ್ಪ ಮೊದಲು, ಬೇರೆಯದೇ ಸಾಲಿನಲ್ಲಿ, ಒಂದು ಚೂರು ಬಿದ್ದಿತ್ತು. ಅಕ್ಕಿಯ ನುಚ್ಚಿನಷ್ಟು.

ನನ್ನ ಕೈ ಅಳಿಸುವ ಗುಂಡಿಯ ಮೇಲೆ ಹೋಗಿತ್ತು. ಇಷ್ಟಾದ ಮೇಲೂ ಹೋಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಬೆನ್ನ ಹಿಂದೆ ಬೆರಳು ಎದ್ದ ಹಾಗಾಯಿತು. ಕೈ ತೆಗೆದು ಹೆಡ್‌ಫೋನು ಹಾಕಿಕೊಂಡೆ.

ಹಾಡು ಮುಗಿಯಿತು. ಕೋಣೆಯ ಸಪ್ಪಳ ಉಳಿಯಿತು. ಕಾಕು ಕೇಳಿದ ಜಾಗ ಬಂತು, ಅಲ್ಲಿ ಏನೂ ಇರಲಿಲ್ಲ. ಆ ಎರಡು ಗಳಿಗೆಯ ಜಾಗವನ್ನು ಅವರು ಹಾಗೇ ಬಿಟ್ಟಿದ್ದರು. ಆಮೇಲೆ ಕಾಕಾನ ದನಿ, ಮೈಕಿಗೆ ತೀರ ಹತ್ತಿರ:

"ಸಾಕಾಗಿಲ್ಲ. ಇನ್ನೊಂದು ಹೇಳು."

ನಾನು ಹೆಡ್‌ಫೋನು ತೆಗೆದಿಟ್ಟು ಅತ್ತೆ. ಮರುದಿನ ಮಗಳಿಗೆ ಫೋನು ಮಾಡಿ ಬರಲು ಹೇಳಿದೆ.

ಅವಳು ಸಾಲಿ ಬಿಟ್ಟ ಮೇಲೆ ಬಂದಳು. ಅವಳು ಇಲ್ಲೇ ಹುಬ್ಬಳ್ಳಿಯಲ್ಲಿ ಟೀಚರು, ಕಾಕಾ ಕೊನೆಯ ವರ್ಷಗಳಲ್ಲಿ ಇದ್ದದ್ದು ಅವಳ ಮನೆಯಲ್ಲೇ. ಹಾಡು ಹಚ್ಚಿದೆ. ಕೊನೆಯ ತನಕ ಕೇಳಿ ಅವಳು ನನ್ನ ಕಡೆ ತಿರುಗಿದಳು.

"ಅಕ್ಕಾರ, ಅಪ್ಪ ಯಾರ ಜೋಡಿ ಮಾತಾಡ್ಯಾರ?"

ಡಿಸ್ಕು ಹಳೆಯದು ಎನ್ನುವ ಮಾತು ಈಗಲೂ ನಾಲಿಗೆಯ ತುದಿಯಲ್ಲೇ ಇತ್ತು.

"ನಿಮ್ಮ ಅವ್ವನ ಜೋಡಿ," ಎಂದೆ. "ಹಾಡು ಮುಗದ ಮ್ಯಾಲೆ ನಿಮ್ಮ ಅವ್ವ ಸಾಕೇನ್ರಿ ಅಂತ ಕೇಳಿದ್ರು. ನಿಮ್ಮ ಅಪ್ಪ ಅದನ್ನ ಇಟ್ಟಿದ್ರು. ನಾನು ಕಸ ಅಂತ ತಿಳದು ಕಡದೆ, ಅಳಸಿಬಿಟ್ಟೆ. ಅಪ್ಪಗ ಹೇಳಲಿಲ್ಲ."

"ಅಪ್ಪಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

ಅವಳು ಗಾಜಿನಾಚೆಯ ಕೌದಿಗಳ ಕಡೆ ನೋಡಿದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

"ಊಟಕ್ಕ ಕುಂತಾಗ ನಾ ಸಾಕೇನಪ್ಪಾ ಅಂದ್ರ ತಾಟು ಸರಿಸಿ ಎದ್ದು ಹೋಗತಿದ್ರು," ಎಂದಳು. "ದಿನಾಲೂ. ನನ್ನ ಕೈ ಅಡಿಗಿ ಸೇರೂದಿಲ್ಲ ಅಂತ ತಿಳಕೊಂಡಿದ್ದೆ. ಆರು ವರ್ಷ ಹಂಗಾ ತಿಳಕೊಂಡಿದ್ದೆ, ಅಕ್ಕಾರ."

ನಾನು ಕತ್ತರಿಸಿದ್ದು ಒಂದು ಹಾಡಿನ ಬಾಲ ಎಂದುಕೊಂಡಿದ್ದೆ. ಒಂದು ಮನೆಯ ಊಟದ ತಾಟಿನ ತನಕ ಅದು ಹೋಗಿ ಮುಟ್ಟಿತ್ತು.

"ಇನ್ನೊಮ್ಮೆ ಹಚ್ಚ್ರಿ," ಎಂದಳು.

ಹಚ್ಚಿದೆ. ಕಾಕು ಬೀಸಿದರು, ಬಳೆಗಳು ಸದ್ದು ಮಾಡಿದವು, ಕೊನೆಯ ಸಾಲು ಮುಗಿಯಿತು. ಕೋಣೆಯ ಸಪ್ಪಳ ಉಳಿಯಿತು. ನನ್ನ ಪಕ್ಕದಲ್ಲಿ ಅವಳು, ಮುಂದೆ ಸ್ವಲ್ಪ ಬಾಗಿ, ಸ್ಪೀಕರಿನ ಕಡೆ ಮುಖ ಮಾಡಿ ಮೆಲ್ಲಗೆ ಕೇಳಿದಳು:

"ಸಾಕೇನ್ರಿ?"

ಅವಳ ದನಿ ಅವಳ ಅವ್ವನ ದನಿಯೇ. ಇಷ್ಟು ವರ್ಷ ನನಗದು ಗೊತ್ತಾಗಿರಲಿಲ್ಲ.

"ಸಾಕಾಗಿಲ್ಲ. ಇನ್ನೊಂದು ಹೇಳು," ಎಂದರು ಕಾಕಾ.

ನನ್ನ ಬಲಗೈಯ ತೋರುಬೆರಳು ಮೇಲಿತ್ತು. ಯಾವಾಗ ಎತ್ತಿದೆನೋ ಗೊತ್ತಿಲ್ಲ. ಅವಳೂ ಅಲುಗಲಿಲ್ಲ. ಕೆಳಗೆ ರಸ್ತೆಯಲ್ಲಿ ಒಂದು ಆಟೋ ಹೋಯಿತು, ಮೆಟ್ಟಿಲ ಮೇಲೆ ಯಾರೋ ಬಂದು ಕಾಯುತ್ತಿದ್ದರು. ಕಾಯಲಿ ಎಂದುಕೊಂಡೆ.

ಆಮೇಲೆ ಭೈರವಿಯನ್ನು ಅವರು ಇಟ್ಟಲ್ಲೇ ಬಿಟ್ಟು ಎಕ್ಸ್‌ಪೋರ್ಟ್ ಮಾಡಿದೆ. ನಾಲ್ಕು ನಿಮಿಷ ಮೂವತ್ತೊಂದು ಸೆಕೆಂಡು.